ಒಬ್ಬರು ಹಟ ಹಿಡಿದರು, 20 ಜನ ಮನೆಗೆ ಹೋದರು: 1999ರ ಸಾಂಟೇರ್ ಕಮಿಷನ್ ಕಥೆ ಏನು?

ಕೆಎಎಸ್_ಕನಸು
ಎಲ್ಲರಿಗೂ ನಮಸ್ಕಾರ. ಐರೋಪ್ಯ ಒಕ್ಕೂಟದ ಬಗ್ಗೆ ನೋಟ್ಸ್ ಮಾಡಿಕೊಳ್ಳುತ್ತಿದ್ದೆ. ನನ್ನ ಹತ್ತಿರ ಇರುವ ಗೈಡ್‌ನಲ್ಲಿ 1999ರ ಮಾರ್ಚ್‌ನಲ್ಲಿ ಜಾಕ್ ಸಾಂಟೇರ್ ಅಧ್ಯಕ್ಷರಾಗಿದ್ದ ಐರೋಪ್ಯ ಕಮಿಷನ್ ಇಡಿಯಾಗಿ ಹೋಯಿತು ಅಂತ ಒಂದೇ ಸಾಲು ಇದೆ. ಮುಂದಿನ ಸಾಲಿಗೆ ಹೊಸ ಅಧ್ಯಕ್ಷ ರೊಮಾನೊ ಪ್ರೋದಿ ಬಂದುಬಿಡುತ್ತಾರೆ. ಮಧ್ಯೆ ಏನಾಯಿತು ಅಂತ ಇಲ್ಲ.

ನನಗೆ ಅರ್ಥವಾಗದ್ದು ಇಷ್ಟು. 15 ದೇಶಗಳಿಂದ ಬಂದ 20 ಜನ. ಅಷ್ಟೂ ಜನ ಒಟ್ಟಿಗೆ ತಪ್ಪು ಮಾಡಿರಲಾರರು. ನಮ್ಮಲ್ಲಿ ಒಬ್ಬ ಮಂತ್ರಿಯ ಮೇಲೆ ಆರೋಪ ಬಂದರೆ ಅವರೊಬ್ಬರ ರಾಜೀನಾಮೆ ಕೇಳುತ್ತಾರೆ. ಕೊಡುತ್ತಾರೋ ಬಿಡುತ್ತಾರೋ ಬೇರೆ ಮಾತು. ಅಲ್ಲಿ ಸಂಸತ್ತು ಯಾಕೆ ಎಲ್ಲರನ್ನೂ ವಜಾ ಮಾಡಿತು? ತಿಳಿದವರು ಹೇಳಿ.

ಹುಬ್ಬಳ್ಳಿ_ಮಿರ್ಚಿ
ತಲೆಬರಹದಲ್ಲಿ "ಕಮಿಷನ್" ಅಂತ ನೋಡಿ ನಮ್ಮ ಕಂಟ್ರಾಕ್ಟರ್‌ಗಳ ಶೇಕಡಾವಾರು ಲೆಕ್ಕ ಅಂದುಕೊಂಡು ಓಡಿ ಬಂದೆ. ಇದು ಬೇರೆ ಕಮಿಷನ್ ಏನ್ರೀ?

ತುಂಗಾತೀರ
ಬೇರೆಯೇ ಮಾರಾಯ್ರೇ. ಆದರೆ ಕಥೆ ಓದಿದ ಮೇಲೆ ತೀರಾ ಬೇರೆ ಅಂತ ಅನಿಸಲಿಕ್ಕಿಲ್ಲ.

ಕಾನೂನುಕಟ್ಟೆ
ಮೊದಲು ಒಂದು ತಿದ್ದುಪಡಿ. ಸಂಸತ್ತು ವಜಾ ಮಾಡಲಿಲ್ಲ. ಅವರೇ ರಾಜೀನಾಮೆ ಕೊಟ್ಟರು. ಈ ವ್ಯತ್ಯಾಸದಲ್ಲೇ ಅರ್ಧ ಕಥೆ ಇದೆ. ಕೋರ್ಟಿಗೆ ಹೊರಟಿದ್ದೇನೆ, ಸಂಜೆ ಬಂದು ಬರೆಯುತ್ತೇನೆ.

ಬ್ರಸೆಲ್ಸ್_ಚಳಿ
ನಾನು ಬ್ರಸೆಲ್ಸ್‌ನಲ್ಲಿ 11 ವರ್ಷದಿಂದ ಇದ್ದೇನೆ. ಘಟನೆ ನಡೆದಾಗ ದಾವಣಗೆರೆಯಲ್ಲಿ ಶಾಲೆಗೆ ಹೋಗುತ್ತಿದ್ದೆ, ಹಾಗಾಗಿ ಕಣ್ಣಾರೆ ಕಂಡವಳಲ್ಲ. ಆದರೆ ಇಲ್ಲಿ ಇದು ಈಗಲೂ ಊಟದ ಮೇಜಿನ ಮೇಲೆ ಬರುವ ವಿಷಯ.

ಕಮಿಷನ್ ಅಂದರೆ ಒಕ್ಕೂಟದ ಮಂತ್ರಿಮಂಡಲ ಅಂದುಕೊಳ್ಳಿ. ಕಾನೂನಿನ ಕರಡು ಮಾಡುವುದು, ಬಜೆಟ್ ಖರ್ಚು ನೋಡಿಕೊಳ್ಳುವುದು, ಒಪ್ಪಂದ ಮೀರಿದ ದೇಶವನ್ನು ಕೋರ್ಟಿಗೆ ಎಳೆಯುವುದು ಇವರ ಕೆಲಸ. ಆಗ ದೊಡ್ಡ ಐದು ದೇಶಗಳಿಗೆ, ಅಂದರೆ ಜರ್ಮನಿ, ಫ್ರಾನ್ಸ್, ಬ್ರಿಟನ್, ಇಟಲಿ, ಸ್ಪೇನ್‌ಗೆ, ಇಬ್ಬಿಬ್ಬರು. ಉಳಿದ ಹತ್ತು ದೇಶಗಳಿಗೆ ಒಬ್ಬೊಬ್ಬರು. ಒಟ್ಟು 20. ಆಸ್ಟ್ರಿಯಾ, ಫಿನ್ಲೆಂಡ್, ಸ್ವೀಡನ್ ಸೇರಿದ್ದು 1995ರ ಜನವರಿ 1ರಂದು. ಅದೇ ತಿಂಗಳು ಈ ಕಮಿಷನ್ ಕೂತಿತು. 20ರಲ್ಲಿ ಐವರು ಮಹಿಳೆಯರು.

ಮುಖ್ಯ ವಿಷಯ ಏನಂದರೆ, ಈ 20 ಜನರನ್ನು ಅಧ್ಯಕ್ಷರು ಆರಿಸಿದವರಲ್ಲ. ಆಯಾ ದೇಶದ ಸರ್ಕಾರ ಹೆಸರು ಕಳಿಸುತ್ತದೆ. ಸಾಂಟೇರ್ ಕೈಯಲ್ಲಿ ಇದ್ದದ್ದು ಖಾತೆ ಹಂಚಿಕೆ ಮಾತ್ರ. ಅದರಲ್ಲೂ ದೊಡ್ಡ ದೇಶಗಳ ಒತ್ತಡ ಜೋರು.

ಇನ್ನೊಂದು ಮಜಾ. ಟಿವಿಯಲ್ಲಿ ಕಮಿಷನ್ ಅಂದ ಕೂಡಲೇ ತೋರಿಸುವ ಬೆರ್ಲೆಮಾಂಟ್ ಕಟ್ಟಡ ಆಗ ಖಾಲಿ ಬಿದ್ದಿತ್ತು. ಆಸ್ಬೆಸ್ಟಾಸ್ ಸಿಕ್ಕಿತೆಂದು 1991ರಲ್ಲಿ ಎಲ್ಲರನ್ನೂ ಹೊರಗೆ ಕಳಿಸಿದ್ದರು. ವಾಪಸ್ ಬಂದಿದ್ದು 2004ರಲ್ಲಿ. ಸಾಂಟೇರ್ ಕಾಲ ಪೂರ್ತಿ ಪಕ್ಕದ ಬ್ರೇಡೆಲ್ ಕಟ್ಟಡದಲ್ಲೇ ಕಳೆಯಿತು.

ಮಂಡ್ಯದ_ಗೌಡ್ರು
ಸ್ವಂತ ಮನೆಗೆ ಹೋಗೋಕೆ ಆಗದೆ ಬಾಡಿಗೆ ಮನೆಯಲ್ಲೇ ಸಂಸಾರ ಮುಗಿಸಿದರು ಅನ್ನಿ.

ತುಂಗಾತೀರ
ಸಾಂಟೇರ್ ಅಧ್ಯಕ್ಷರಾದ ರೀತಿ ತಿಳಿದರೆ ಮುಂದಿನದು ಸುಲಭ. ಅವರಿಗಿಂತ ಮುಂಚೆ ಹತ್ತು ವರ್ಷ ಜಾಕ್ ದೆಲೋರ್ ಇದ್ದರು. ಭಾರೀ ಆಳು. ಒಕ್ಕೂಟದ ಏಕ ಮಾರುಕಟ್ಟೆ, ಯೂರೋ ಯೋಜನೆ ಎಲ್ಲ ಅವರ ಕಾಲದ್ದು. ಅಷ್ಟು ಗಟ್ಟಿ ಅಧ್ಯಕ್ಷ ಇನ್ನೊಬ್ಬ ಬೇಡ ಅಂತ ಕೆಲವು ರಾಜಧಾನಿಗಳಿಗೆ ಅನಿಸಿತ್ತು. 1994ರ ಜೂನ್‌ನಲ್ಲಿ ಗ್ರೀಸಿನ ಕೊರ್ಫು ದ್ವೀಪದಲ್ಲಿ ಸಭೆ. ಫ್ರಾನ್ಸ್, ಜರ್ಮನಿ ಸೇರಿ ಬೆಲ್ಜಿಯಂ ಪ್ರಧಾನಿ ಜಾನ್-ಲುಕ್ ದೆಹಾನೆ ಹೆಸರು ಮುಂದಿಟ್ಟರು. ಹಾಲೆಂಡಿನ ರೂಡ್ ಲುಬ್ಬರ್ಸ್ ಕೂಡ ರೇಸಿನಲ್ಲಿದ್ದರು. ಬ್ರಿಟನ್ನಿನ ಜಾನ್ ಮೇಜರ್ ದೆಹಾನೆಗೆ ವೀಟೋ ಹಾಕಿಬಿಟ್ಟರು.

ಆಮೇಲೆ ಯಾರಿಗೂ ತೊಂದರೆ ಕೊಡದ ಹೆಸರು ಹುಡುಕಿದಾಗ ಸಿಕ್ಕವರು ಲಕ್ಸೆಂಬರ್ಗ್ ಪ್ರಧಾನಿ ಸಾಂಟೇರ್. ಸಂಸತ್ತಿಗೆ ಇದು ಸಿಟ್ಟು ತರಿಸಿತು. ನಮ್ಮನ್ನು ಕೇಳದೆ ಹೋಟೆಲ್ ಕೋಣೆಯಲ್ಲಿ ತೀರ್ಮಾನ ಮಾಡಿದ್ದೀರಿ ಅಂತ. ಜುಲೈನಲ್ಲಿ ಮತಕ್ಕೆ ಹಾಕಿದಾಗ 260 ಪರ, 238 ವಿರುದ್ಧ. ಬರೀ 22 ಮತದ ಅಂತರ. ಹುಟ್ಟುವಾಗಲೇ ಬಡಕಲು ಕೂಸು ಅದು.

ಕೆಎಎಸ್_ಕನಸು
ಅಂದರೆ ಸಮ್ಮಿಶ್ರ ಸರ್ಕಾರದ ಮುಖ್ಯಮಂತ್ರಿ ಥರ? ಯಾರನ್ನೂ ತೆಗೆಯೋಕೆ ಆಗಲ್ಲ, ಎಲ್ಲರಿಗೂ ಉತ್ತರ ಮಾತ್ರ ಕೊಡಬೇಕು?

ತುಂಗಾತೀರ
ಸರಿಯಾಗಿ ಹಿಡಿದಿರಿ. ಒಂದು ವ್ಯತ್ಯಾಸ: ನಮ್ಮ ಸಮ್ಮಿಶ್ರದಲ್ಲಿ ಎರಡೋ ಮೂರೋ ಪಕ್ಷ. ಅಲ್ಲಿ 15 ಸರ್ಕಾರ.

ಸಂಜೆಮಲ್ಲಿಗೆ
ಆ 20 ಜನರ ಪಟ್ಟಿ ನೋಡಿದರೆ ಸಾಮಾನ್ಯರ ಗುಂಪಲ್ಲ. ಸ್ಪರ್ಧಾ ನೀತಿಗೆ ಕಾರೆಲ್ ವಾನ್ ಮೀರ್ಟ್, ಆಂತರಿಕ ಮಾರುಕಟ್ಟೆಗೆ ಮಾರಿಯೋ ಮೊಂಟಿ (ಮುಂದೆ ಇಟಲಿ ಪ್ರಧಾನಿ ಆದವರು), ಸಾರಿಗೆಗೆ ನೀಲ್ ಕಿನ್ನಕ್, ಕೃಷಿಗೆ ಆಸ್ಟ್ರಿಯಾದ ಫಿಶ್ಲರ್, ಮೀನುಗಾರಿಕೆ ಮತ್ತು ಮಾನವೀಯ ನೆರವಿಗೆ ಎಮ್ಮಾ ಬೊನಿನೊ. 1999ರ ಜನವರಿ 1ಕ್ಕೆ ಯೂರೋ ಶುರುವಾಗಿದ್ದು ಇವರ ಕೈಯಲ್ಲೇ. ಪೂರ್ವ ಯುರೋಪಿನ ದೇಶಗಳನ್ನು ಸೇರಿಸಿಕೊಳ್ಳುವ ಮಾತುಕತೆ ಶುರು ಮಾಡಿದ್ದೂ ಇವರೇ. ಕೆಲಸಕ್ಕೆ ಬಾರದವರು ಅಂತ ಬರೆದುಕೊಳ್ಳಬೇಡಿ.

ಆದರೆ ಅದೇ ಪಟ್ಟಿಯಲ್ಲಿ ಎಡಿತ್ ಕ್ರೆಸೋನ್ ಕೂಡ ಇದ್ದಾರೆ. ಫ್ರಾನ್ಸಿನ ಮೊದಲ ಮಹಿಳಾ ಪ್ರಧಾನಿ, 1991ರಿಂದ 92ರವರೆಗೆ. ಕಮಿಷನ್‌ನಲ್ಲಿ ಸಂಶೋಧನೆ ಮತ್ತು ಶಿಕ್ಷಣ ಖಾತೆ.

ಹುಬ್ಬಳ್ಳಿ_ಮಿರ್ಚಿ
ಈಗ ಬಂತು ನೋಡಿ ಹಲ್ಲಿನ ಡಾಕ್ಟರ್ ಕಥೆ. ಇದೊಂದು ನನಗೆ ಗೊತ್ತು!

ಸಂಜೆಮಲ್ಲಿಗೆ
ಹೌದು ಅದೇ. ಕ್ರೆಸೋನ್ ಅವರು ಶಾತೆಲ್ರೋ ಅನ್ನುವ ಊರಿನ ಮೇಯರ್ ಆಗಿದ್ದವರು. ಆ ಊರಿನ ಒಬ್ಬ ದಂತವೈದ್ಯರು ಅವರಿಗೆ ಹಳೆ ಪರಿಚಯ. ಅವರನ್ನು ತನ್ನ ಖಾಸಗಿ ಸಲಹೆಗಾರ ಮಾಡಿಕೊಳ್ಳಬೇಕು ಅಂತ ಆಸೆ. ವಯಸ್ಸು 66, ಸಲಹೆಗಾರರ ಹುದ್ದೆಗೆ ನಿಯಮ ಬಿಡಲಿಲ್ಲ. ಆಗ 1995ರ ಸೆಪ್ಟೆಂಬರ್‌ನಿಂದ "ಸಂದರ್ಶಕ ವಿಜ್ಞಾನಿ" ಅಂತ ಹಾಕಿಕೊಂಡರು. ವಿಜ್ಞಾನಿಗಳು ಬಂದು ಸಂಶೋಧನೆ ಮಾಡಲಿ ಅಂತ ಇದ್ದ ಹುದ್ದೆ ಅದು. ಅವಧಿ ಮುಗಿಯುತ್ತಾ ಬಂದಾಗ ವಿಸ್ತರಣೆಯೂ ಸಿಕ್ಕಿತು. ಅಷ್ಟು ದಿನದ ಕೆಲಸಕ್ಕೆ ಸಾಕ್ಷಿಯಾಗಿ ಸಿಕ್ಕಿದ ಟಿಪ್ಪಣಿಗಳು ಒಟ್ಟು 24 ಪುಟ.

ಮಂಡ್ಯದ_ಗೌಡ್ರು
24 ಪುಟವಾ? ನಮ್ಮ ಹುಡುಗ ಏಳನೇ ಕ್ಲಾಸಿನ ಪ್ರಾಜೆಕ್ಟ್‌ಗೆ 30 ಪುಟ ಬರೆದಿದ್ದ. ಅದರಲ್ಲಿ 12 ನಾನೇ ಬರೆದಿದ್ದು ಅನ್ನೋದು ಬಿಡಿ.

ಹುಬ್ಬಳ್ಳಿ_ಮಿರ್ಚಿ
ಹಲ್ಲು ಕೀಳೋ ಡಾಕ್ಟರ್ ಸರ್ಕಾರಾನೇ ಕಿತ್ತರು 😂

ಕರಾವಳಿ_ಕಾಗೆ
ಸುಮ್ನೆ ನಗ್ತಾ ಇದ್ದೀರಿ. ನನಗೆ ಇದು ವಿಚಿತ್ರ ಅನಿಸುತ್ತದೆ. ವರ್ಷಕ್ಕೆ ಸುಮಾರು 80 ಬಿಲಿಯನ್ ಎಕ್ಯೂ (ಯೂರೋಗೆ ಮುಂಚಿನ ಲೆಕ್ಕದ ಹಣ) ಬಜೆಟ್ ಇರುವ ಸಂಸ್ಥೆ. ಒಬ್ಬ ದಂತವೈದ್ಯರ ಸಂಬಳಕ್ಕೆ ಇಡೀ ಕಮಿಷನ್ ಬೀಳಬೇಕಾ? ಇಷ್ಟಕ್ಕೆಲ್ಲ ಬೀಳೋದಾದರೆ ನಮ್ಮಲ್ಲಿ ಒಂದು ಸರ್ಕಾರವೂ ಒಂದು ವಾರ ನಿಲ್ಲುವುದಿಲ್ಲ.

ಸಂಜೆಮಲ್ಲಿಗೆ
ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತ ನಮ್ಮಜ್ಜಿ ಹೇಳುತ್ತಿದ್ದರು.

ಲೆಕ್ಕದ_ಮೇಷ್ಟ್ರು
ದಂತವೈದ್ಯರನ್ನು ಸ್ವಲ್ಪ ಪಕ್ಕಕ್ಕೆ ಇಡಿ. ಪತ್ರಿಕೆಗಳಿಗೆ ಅದು ರುಚಿಯಾಗಿತ್ತು, ಅದಕ್ಕೇ ಎಲ್ಲರಿಗೂ ನೆನಪಿದೆ. 31 ವರ್ಷ ಆಡಿಟ್‌ನಲ್ಲಿ ಇದ್ದವನು ನಾನು. ನನ್ನ ಕಣ್ಣಿಗೆ ಬೀಳುವುದು ಬೇರೆಯೇ.

ಅಲ್ಲಿ ಪ್ರತಿ ವರ್ಷ ಖರ್ಚಿನ ಲೆಕ್ಕವನ್ನು ಲೆಕ್ಕಪರಿಶೋಧನಾ ನ್ಯಾಯಾಲಯ ನೋಡಿ ವರದಿ ಕೊಡುತ್ತದೆ. ನಮ್ಮ ಸಿಎಜಿ ಇದ್ದ ಹಾಗೆ. ಆಮೇಲೆ ಸಂಸತ್ತು ಲೆಕ್ಕ ಒಪ್ಪಿದ್ದೇವೆ ಅಂತ ಮುದ್ರೆ ಒತ್ತಬೇಕು. 1998ರ ಡಿಸೆಂಬರ್ 17ರಂದು 1996ರ ಲೆಕ್ಕಕ್ಕೆ ಮುದ್ರೆ ಒತ್ತಲು ಸಂಸತ್ತು ಒಪ್ಪಲಿಲ್ಲ. 270 ವಿರುದ್ಧ, 225 ಪರ. ನಮ್ಮಲ್ಲಿ ಸಿಎಜಿ ವರದಿ ಮಂಡನೆ ಆಗುತ್ತದೆ, ಎರಡು ದಿನ ಗದ್ದಲ, ಆಮೇಲೆ ಕಪಾಟು. ಅಲ್ಲಿ ಅದೇ ವರದಿ ಕತ್ತಿ ಆಯಿತು.

ಹಣ ಎಲ್ಲಿ ಹೋಯಿತು? ಕಮಿಷನ್‌ಗೆ ಹೊಸ ಹೊಸ ಯೋಜನೆ ವಹಿಸುತ್ತಾ ಹೋದರು. ನಡೆಸಲು ಜನ ಕೊಡಲಿಲ್ಲ. ಕೆಲಸ ಕೊಟ್ಟವರು ಯಾರು? ಸದಸ್ಯ ದೇಶಗಳು ಮತ್ತು ಇದೇ ಸಂಸತ್ತು! ಆಗ ಅಧಿಕಾರಿಗಳು ಅಡ್ಡದಾರಿ ಹಿಡಿದರು. ಯೋಜನೆಯ ಹಣದಲ್ಲೇ ಹೊರಗಿನ ಸಂಸ್ಥೆಗಳಿಗೆ ಗುತ್ತಿಗೆ ಕೊಟ್ಟು, ಅವರ ಮೂಲಕ ಜನರನ್ನು ಇಟ್ಟುಕೊಂಡರು. ಮಾನವೀಯ ನೆರವಿನ ಕಚೇರಿಯ ಪ್ರಕರಣ ಹೀಗೇ. 1993-94ರಲ್ಲಿ ಆಫ್ರಿಕಾದ ಮತ್ತು ಹಳೆ ಯುಗೊಸ್ಲಾವಿಯಾದ ಸಂತ್ರಸ್ತರಿಗೆ ಅಂತ ಕಾಗದದಲ್ಲಿ ನಾಲ್ಕು ಗುತ್ತಿಗೆ. ನಿಜದಲ್ಲಿ ಆ ದುಡ್ಡಲ್ಲಿ ಬ್ರಸೆಲ್ಸ್ ಕಚೇರಿಗೇ ನೌಕರರು. ಲಿಯೊನಾರ್ಡೊ ಅನ್ನುವ ವೃತ್ತಿ ತರಬೇತಿ ಯೋಜನೆ, ಮೆಡಿಟರೇನಿಯನ್ ದೇಶಗಳ ಯೋಜನೆ, ಪ್ರವಾಸೋದ್ಯಮ ವಿಭಾಗ, ಎಲ್ಲ ಕಡೆ ಇದೇ ರೋಗದ ಬೇರೆ ಬೇರೆ ಮುಖ. ಗುತ್ತಿಗೆ ಹೊರಗೆ ಹೋಯಿತು, ಅದರ ಹಿಂದೆ ಅಧಿಕಾರವೂ ಹೋಯಿತು, ಲೆಕ್ಕ ಕೇಳುವವರು ಯಾರೂ ಉಳಿಯಲಿಲ್ಲ.

ನಾನು ಹಿಂದೆ ಒಂದು ಕಚೇರಿಯ ಆಡಿಟ್‌ಗೆ ಹೋಗಿದ್ದೆ, ಹೆಸರು ಬೇಡ. ಬೋರ್‌ವೆಲ್ ದುರಸ್ತಿಯ ಲೆಕ್ಕದಲ್ಲಿ ಮೂವರು ಡೇಟಾ ಎಂಟ್ರಿ ಹುಡುಗಿಯರ ಸಂಬಳ ಹೋಗುತ್ತಿತ್ತು. ಸಾಹೇಬರನ್ನು ಕೇಳಿದರೆ, "ಹುದ್ದೆ ಮಂಜೂರು ಮಾಡಿ ಅಂತ ನಾಲ್ಕು ವರ್ಷದಿಂದ ಬರೀತಿದೀನಿ, ನೀವೇ ಹೇಳಿ ಏನು ಮಾಡಲಿ" ಅಂದರು. ಪಾಪ ಅನಿಸಿತು. ಆಕ್ಷೇಪಣೆ ಮಾತ್ರ ಬರೆದೇ ಬಂದೆ.

ಕರಾವಳಿ_ಕಾಗೆ
ಮೇಷ್ಟ್ರೇ, ಹಾಗಾದರೆ ತಪ್ಪು ಸಿಬ್ಬಂದಿ ಕೊಡದ ದೇಶಗಳದ್ದೂ ಹೌದಲ್ವಾ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು.

ಲೆಕ್ಕದ_ಮೇಷ್ಟ್ರು
ಹೌದು, ಪಾಲು ಅವರದ್ದೂ ಇದೆ. ಬಜೆಟ್‌ನ ಶೇಕಡಾ ಸುಮಾರು 80 ಭಾಗ ಖರ್ಚಾಗುವುದೇ ಸದಸ್ಯ ದೇಶಗಳ ಇಲಾಖೆಗಳ ಮೂಲಕ. ಆದರೆ ಎಮ್ಮೆಗೂ ಜ್ವರ ಇತ್ತು ಸ್ವಾಮಿ. ಗೊತ್ತಿದ್ದೂ ಸುಮ್ಮನಿದ್ದರು, ಸಂಸತ್ತು ಕೇಳಿದ ಕಾಗದ ಕೊಡಲು ಸತಾಯಿಸಿದರು. ಮುಚ್ಚಿಟ್ಟಿದ್ದು ಮೂಲ ತಪ್ಪಿಗಿಂತ ದೊಡ್ಡದಾಯಿತು.

ದೇವನೂರು_ಡಬ್ಬ
ಆ ಕಾಗದ ಹೊರಗೆ ತಂದವರ ಬಗ್ಗೆ ಯಾರೂ ಹೇಳಲಿಲ್ಲ. ಪೌಲ್ ವಾನ್ ಬ್ಯೂಟೆನೆನ್. ಡಚ್ಚರು, ಕಮಿಷನ್ ಒಳಗೇ ಲೆಕ್ಕಪರಿಶೋಧನೆಯಲ್ಲಿ ಇದ್ದ ಅಧಿಕಾರಿ. ಮೇಲಿನವರಿಗೆ ಹೇಳಿ ಹೇಳಿ ಸಾಕಾಗಿ 1998ರ ಕೊನೆಗೆ ಕಡತಗಳನ್ನು ಸಂಸತ್ತಿನ ಗ್ರೀನ್ಸ್ ಗುಂಪಿಗೆ ಕೊಟ್ಟರು. ಬಹುಮಾನ ಏನು ಸಿಕ್ಕಿತು? ಅಮಾನತು, ಅರ್ಧ ಸಂಬಳ. ಹಗರಣ ಮಾಡಿದವರಿಗಿಂತ ಮೊದಲು ಶಿಕ್ಷೆ ಆದದ್ದು ಹಗರಣ ಹೇಳಿದವರಿಗೆ.

ನಮ್ಮ ಚಿಕ್ಕಪ್ಪ ಒಂದು ಗೋದಾಮಿನಲ್ಲಿ ತೂಕದ ಮೋಸ ಹಿಡಿದು ದೂರು ಕೊಟ್ಟಿದ್ದರು. ತಿಂಗಳೊಳಗೆ ವರ್ಗಾವಣೆ, 300 ಕಿಲೋಮೀಟರ್ ದೂರ. ಆ ತೂಕದ ಯಂತ್ರ ಮಾತ್ರ ಅಲ್ಲೇ ಇತ್ತಂತೆ.

ಮಂಡ್ಯದ_ಗೌಡ್ರು
ವರ್ಗಾವಣೆ ಅನ್ನೋದು ನಮ್ಮ ದೇಶದಲ್ಲಿ ಶಿಕ್ಷೆನೋ ಪ್ರಶಸ್ತಿನೋ ಇನ್ನೂ ನನಗೆ ತಿಳಿದಿಲ್ಲ.

ಬ್ರಸೆಲ್ಸ್_ಚಳಿ
ವಾನ್ ಬ್ಯೂಟೆನೆನ್ ಕಥೆ ಅಲ್ಲಿಗೇ ಮುಗಿಯಲಿಲ್ಲ. 2004ರಲ್ಲಿ ಸ್ವಂತ ಪಟ್ಟಿ ಕಟ್ಟಿಕೊಂಡು ಚುನಾವಣೆಗೆ ನಿಂತು ಅದೇ ಸಂಸತ್ತಿಗೆ ಸದಸ್ಯರಾಗಿ ಬಂದರು.

ಕಾನೂನುಕಟ್ಟೆ
ಬಂದೆ. ಈಗ ಕೆಎಎಸ್_ಕನಸು ಅವರ ಮೂಲ ಪ್ರಶ್ನೆಗೆ.

ನಮ್ಮ ಸಂವಿಧಾನದ 75ನೇ ವಿಧಿಯ ಪ್ರಕಾರ ಮಂತ್ರಿಮಂಡಲ ಲೋಕಸಭೆಗೆ ಒಟ್ಟಾಗಿ ಹೊಣೆ. ಅಲ್ಲಿನ ಕಮಿಷನ್ ಕೂಡ ಸಂಸತ್ತಿಗೆ ಒಟ್ಟಾಗಿ ಹೊಣೆ. ಇಲ್ಲಿವರೆಗೆ ಒಂದೇ. ಆದರೆ ನಮ್ಮಲ್ಲಿ ಪ್ರಧಾನಿ ಒಬ್ಬ ಮಂತ್ರಿಯನ್ನು ಕೈಬಿಡಬಹುದು. 1999ರಲ್ಲಿ ಜಾರಿಯಲ್ಲಿದ್ದ ಒಕ್ಕೂಟದ ಒಪ್ಪಂದದಲ್ಲಿ ಸಾಂಟೇರ್‌ಗೆ ಆ ಅಧಿಕಾರ ಇರಲಿಲ್ಲ. ಸಂಸತ್ತಿಗೂ ಒಬ್ಬರನ್ನು ತೆಗೆಯುವ ದಾರಿ ಇರಲಿಲ್ಲ. ಇದ್ದದ್ದು ಒಂದೇ ಅಸ್ತ್ರ, ಇಡೀ ಕಮಿಷನ್ ಮೇಲೆ ಅವಿಶ್ವಾಸ. ಅದಕ್ಕೂ ಚಲಾಯಿಸಿದ ಮತಗಳಲ್ಲಿ ಮೂರನೇ ಎರಡು ಭಾಗ ಬೇಕು, ಜೊತೆಗೆ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಜಾಸ್ತಿ ಇರಬೇಕು. ಆಗ ಸಂಸತ್ತಿನಲ್ಲಿ 626 ಜನ.

1999ರ ಜನವರಿ 14ರಂದು ಅವಿಶ್ವಾಸ ಮತಕ್ಕೆ ಬಂತು. ಪರ 232, ವಿರುದ್ಧ 293. ಬಿದ್ದುಹೋಯಿತು. ಕ್ರೆಸೋನ್ ಮತ್ತು ಸ್ಪೇನಿನ ಮಾನ್ವೆಲ್ ಮರೀನ್ ಇಬ್ಬರು ಮಾತ್ರ ಹೋಗಲಿ ಅಂತ ಲಿಬರಲ್ ಗುಂಪು ತಂದ ನಿರ್ಣಯವೂ ಸೋತಿತು. ಆದರೆ 232 ಸಣ್ಣ ಸಂಖ್ಯೆ ಅಲ್ಲ. ಅದಕ್ಕೇ ಒಂದು ರಾಜಿ ಆಯಿತು: ಐದು ಜನ ಸ್ವತಂತ್ರ ತಜ್ಞರ ಸಮಿತಿ ತನಿಖೆ ಮಾಡಲಿ, ಕಮಿಷನ್ ಸಹಕರಿಸಲಿ. ಸಾಂಟೇರ್ ಒಪ್ಪಿದರು. ಅಲ್ಲಿಗೆ ಬಚಾವಾದೆವು ಅಂತ ಅಂದುಕೊಂಡಿರಬೇಕು.

ವಜಾ ಆಗಲಿಲ್ಲ ಅಂತ ನಾನು ಹೇಳಿದ್ದು ಇದಕ್ಕೇ.

ಕರಾವಳಿ_ಕಾಗೆ
ಆ ಐದು ಜನ ಯಾರು? ಅವರೂ ಯಾವುದೋ ಪಕ್ಷದ ಕಡೆಯವರೇ ಇರಬೇಕು.

ಲೆಕ್ಕದ_ಮೇಷ್ಟ್ರು
ಅಲ್ಲ. ಅಧ್ಯಕ್ಷರು ಆಂದ್ರೆ ಮಿಡಲ್‌ಹುಕ್, ಲೆಕ್ಕಪರಿಶೋಧನಾ ನ್ಯಾಯಾಲಯದ ಮಾಜಿ ಅಧ್ಯಕ್ಷರು. ಸ್ವೀಡನ್ನಿನ ಮಹಾಲೇಖಪಾಲೆ ಇಂಗಾ-ಬ್ರಿಟ್ ಅಹ್ಲೇನಿಯಸ್ ಇದ್ದರು. ಉಳಿದವರೂ ಲೆಕ್ಕ, ಕಾನೂನು ಬಲ್ಲವರೇ. ನಮ್ಮ ಜಾತಿಯವರು ಅನ್ನಿ, ಆಡಿಟ್ ಜಾತಿ.

ಸಂಜೆಮಲ್ಲಿಗೆ
ಮಾರ್ಚ್ 15ರ ದಿನವನ್ನು ನಾನು ಹೇಳುತ್ತೇನೆ, ಯಾರೂ ಅಡ್ಡ ಬರಬೇಡಿ 🙂

ಅದು ಸೋಮವಾರ. ಸಂಜೆ ವರದಿ ಬಂತು. ಯಾವ ಕಮಿಷನರ್ ಕೂಡ ಜೇಬಿಗೆ ದುಡ್ಡು ಹಾಕಿಕೊಂಡಿಲ್ಲ ಅಂತ ವರದಿ ಹೇಳಿತು. ಕೆಲವರ ಮೇಲಿನ ದೂರುಗಳು ನಿಲ್ಲಲೂ ಇಲ್ಲ. ದಂತವೈದ್ಯರ ವಿಷಯದಲ್ಲಿ ಮಾತ್ರ ಕ್ರೆಸೋನ್ ಪಕ್ಷಪಾತ ಮಾಡಿದ್ದಾರೆ ಅಂತ ನೇರವಾಗಿ ಬರೆಯಿತು. ಸಾಂಟೇರ್ ಅವರದೇ ಕೈಕೆಳಗಿದ್ದ ಭದ್ರತಾ ಕಚೇರಿ ಹೇಳುವವರು ಕೇಳುವವರು ಇಲ್ಲದೆ ತನ್ನದೇ ರಾಜ್ಯ ಕಟ್ಟಿಕೊಂಡಿತ್ತು, ಅದಕ್ಕೆ ಅವರೇ ಹೊಣೆ ಅಂತಲೂ ಬಂತು.

ಇಷ್ಟಾದರೆ ಹೇಗೋ ಉಳಿಯುತ್ತಿದ್ದರೇನೋ. ಆದರೆ ಕೊನೆಯಲ್ಲಿ ಒಂದು ಮಾತು ಇತ್ತು. ಜವಾಬ್ದಾರಿಯ ಭಾವನೆ ಒಂದಿಷ್ಟಾದರೂ ಇರುವವರನ್ನು ಹುಡುಕುವುದೇ ಕಷ್ಟವಾಗುತ್ತಿದೆ ಅನ್ನುವ ಅರ್ಥದ ಸಾಲು. ಆ ಒಂದು ಸಾಲು 20 ಜನರ ಮೇಲೂ ಬಿತ್ತು. ಅಲ್ಲಿಯವರೆಗೆ ಸಾಂಟೇರ್ ಪರ ನಿಂತಿದ್ದ ಸೋಷಲಿಸ್ಟ್ ಗುಂಪು, ಅದೇ ಸಂಸತ್ತಿನ ಅತಿ ದೊಡ್ಡ ಗುಂಪು, ಬೆಂಬಲ ವಾಪಸ್ ಪಡೆಯಿತು. ಈ ಸಲ ಮತಕ್ಕೆ ಹಾಕಿದರೆ ಬೀಳುವುದು ಗ್ಯಾರಂಟಿ.

ಕ್ರೆಸೋನ್ ಒಬ್ಬರು ಹೊರಟಿದ್ದರೆ? ಅವರು ಒಪ್ಪಲಿಲ್ಲ. ಪ್ಯಾರಿಸ್ ಕೂಡ ಕರೆಸಿಕೊಳ್ಳಲಿಲ್ಲ. ಸಾಂಟೇರ್ ತೆಗೆಯುವಂತಿಲ್ಲ. ಉಳಿದವರು ಸಭೆ ಸೇರಿದರು. ಮಧ್ಯರಾತ್ರಿ ದಾಟುವ ಹೊತ್ತಿಗೆ ಎಲ್ಲರೂ ರಾಜೀನಾಮೆ. ಒಕ್ಕೂಟದ ಇತಿಹಾಸದಲ್ಲಿ ಅದೇ ಮೊದಲು.

ಬ್ರಸೆಲ್ಸ್_ಚಳಿ
ನಮ್ಮ ಕೆಳಗಿನ ಮನೆಯ ಅಜ್ಜಿ ಆಗ ಅಲ್ಲಿ ಅನುವಾದಕಿ. ಆಗ ಒಕ್ಕೂಟಕ್ಕೆ 11 ಅಧಿಕೃತ ಭಾಷೆ. ನಾನೊಮ್ಮೆ ಕೇಳಿದೆ, ಮಾರನೇ ದಿನ ಹೇಗಿತ್ತು ಅಂತ. "ಬೆಳಿಗ್ಗೆ ಹೋದೆ, ಮೇಜಿನ ಮೇಲೆ ಮೀನಿನ ಕೋಟಾದ ಕಾಗದ ಇತ್ತು, ಅನುವಾದ ಮಾಡಿದೆ" ಅಂದರು. ಅಷ್ಟೇ!

ಮಂಡ್ಯದ_ಗೌಡ್ರು
ಸರ್ಕಾರ ಬಿದ್ದರೂ ಮೀನು ಬಿಡಲಿಲ್ಲ.

ದೇವನೂರು_ಡಬ್ಬ
ಇಸವಿ ನೋಡಿ. ಸಾಂಟೇರ್ ಹೋಗಿದ್ದು ಮಾರ್ಚ್ 16ರ ಬೆಳಗಿನ ಜಾವ. ಒಂದು ತಿಂಗಳು ಕಳೆದು ಏಪ್ರಿಲ್ 17ಕ್ಕೆ ದೆಹಲಿಯಲ್ಲಿ ವಾಜಪೇಯಿ ಸರ್ಕಾರ ಒಂದೇ ಮತದಲ್ಲಿ ಬಿತ್ತು. 269 ಮತ್ತು 270. ಆವತ್ತು ನಮ್ಮ ಮನೆಯಲ್ಲಿ ಟಿವಿ ಮುಂದೆ ಇಡೀ ಬೀದಿ ಕೂತಿತ್ತು.

ತುಂಗಾತೀರ
ಹೋಲಿಕೆ 1999ಕ್ಕಲ್ಲ, 1996ಕ್ಕೆ ಸರಿ ಹೊಂದುತ್ತದೆ. 13 ದಿನದ ಸರ್ಕಾರ. ಸಂಖ್ಯೆ ಇಲ್ಲ ಅಂತ ಗೊತ್ತಾಗಿ ಮತಕ್ಕೆ ಹಾಕುವ ಮೊದಲೇ ರಾಜೀನಾಮೆ ಕೊಟ್ಟರು. ಸಾಂಟೇರ್ ಮಾಡಿದ್ದೂ ಅದೇ.

ಹುಬ್ಬಳ್ಳಿ_ಮಿರ್ಚಿ
ದೆಹಲಿವರೆಗೆ ಯಾಕೆ? 2018ರ ಮೇ 19, ವಿಧಾನಸೌಧ. ಯಡಿಯೂರಪ್ಪನವರು ಭಾಷಣ ಮಾಡಿ ವಿಶ್ವಾಸಮತಕ್ಕೆ ಮೊದಲೇ ಹೊರಟರು. ಮರುವರ್ಷ ಕುಮಾರಸ್ವಾಮಿಯವರು ಮತಕ್ಕೆ ಹಾಕಿ 99ಕ್ಕೆ 105ರಿಂದ ಸೋತರು.

ಕಾನೂನುಕಟ್ಟೆ
ಸದನದಲ್ಲೇ ಬಲ ತೋರಿಸಬೇಕು ಅನ್ನುವ ನಿಯಮ ಗಟ್ಟಿಯಾಗಿದ್ದು ನಮ್ಮ ಎಸ್.ಆರ್. ಬೊಮ್ಮಾಯಿ ಪ್ರಕರಣದಿಂದ. 1989ರಲ್ಲಿ ಅವರ ಸರ್ಕಾರವನ್ನು ಸದನದಲ್ಲಿ ಪರೀಕ್ಷೆಗೆ ಬಿಡದೆ ವಜಾ ಮಾಡಿದರು. 1994ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು. ಅದು ನಿಜವಾದ ವಜಾ. ಗಮನಿಸಿ.

ಹುಬ್ಬಳ್ಳಿ_ಮಿರ್ಚಿ
ಅಲ್ಲಿ ರೆಸಾರ್ಟ್ ಇರಲಿಲ್ಲವಾ? 626 ಜನರನ್ನು ಎಲ್ಲಿ ಇಡೋದು ಅಂತ ಬಿಟ್ಟಿರಬೇಕು.

ನಿರ್ವಾಹಕ
ದಯವಿಟ್ಟು ವಿಷಯಕ್ಕೆ ಬನ್ನಿ. ರೆಸಾರ್ಟ್ ಚರ್ಚೆಗೆ ಬೇರೆ ಎಳೆ ಇದೆ, ಅದು ಆಗಲೇ 400 ಉತ್ತರ ದಾಟಿದೆ.

ಕರಾವಳಿ_ಕಾಗೆ
ವಿಷಯಕ್ಕೇ ಬರುತ್ತೇನೆ. ಸಂಸತ್ತನ್ನು ಎಲ್ಲರೂ ಹೀರೋ ಮಾಡುತ್ತಿದ್ದೀರಿ. 1999ರ ಜೂನ್‌ಗೆ ಚುನಾವಣೆ ಇತ್ತು ಅನ್ನುವುದನ್ನು ಯಾರೂ ಹೇಳಲಿಲ್ಲ. ಚುನಾವಣೆಗೆ ಮೂರು ತಿಂಗಳಿದ್ದಾಗ ಎಲ್ಲರಿಗೂ ನೀತಿ ನೆನಪಾಗುತ್ತದೆ. ಅದೇ ಸಂಸದರು ಆಗ ಪ್ರಯಾಣ ಭತ್ಯೆಯನ್ನು ನಿಜವಾದ ಟಿಕೆಟ್ ದರ ನೋಡದೆ ದೂರದ ಲೆಕ್ಕದಲ್ಲಿ ಪಡೆಯುತ್ತಿದ್ದರು. ಅಗ್ಗದ ಟಿಕೆಟ್ ಕೊಂಡರೆ ಉಳಿದದ್ದು ಜೇಬಿಗೆ. ಅದು ಸರಿಯಾಗಿದ್ದು 2009ರಲ್ಲಿ. ಇವರು ಕ್ರೆಸೋನ್‌ಗೆ ಪಾಠ ಹೇಳಿದವರು!

ಲೆಕ್ಕದ_ಮೇಷ್ಟ್ರು
ಭತ್ಯೆಯ ಮಾತು ನಿಜ, ಒಪ್ಪಿದೆ. ಆದರೆ ಕನ್ನಡಿ ಹಿಡಿದವನ ಮುಖ ಕೊಳಕಾಗಿದೆ ಅಂತ ಕನ್ನಡಿಯಲ್ಲಿ ಕಂಡದ್ದು ಸುಳ್ಳಾಗುವುದಿಲ್ಲ.

ತುಂಗಾತೀರ
ಕಾಗೆಯವರ ಮಾತಿನಲ್ಲಿ ಹುರುಳಿದೆ. ಸಂಸತ್ತಿಗೆ ಬಹಳ ದಿನದಿಂದ ತನ್ನ ಬಲ ತೋರಿಸುವ ಹಂಬಲ ಇತ್ತು. 1996-97ರಲ್ಲಿ ಹುಚ್ಚು ಹಸು ರೋಗದ ಗಲಾಟೆಯಲ್ಲೇ ತನಿಖೆ ನಡೆಸಿ ಕಮಿಷನ್‌ಗೆ ಬಿಸಿ ಮುಟ್ಟಿಸಿತ್ತು. ಆದರೂ ನನ್ನ ಪ್ರಕಾರ ಕಮಿಷನ್ ಬಿದ್ದದ್ದು ಭ್ರಷ್ಟಾಚಾರಕ್ಕಲ್ಲ. ಒಬ್ಬರನ್ನು ಕಳಿಸುವ ಬಾಗಿಲೇ ಆ ಮನೆಗೆ ಇರಲಿಲ್ಲ. ಅದಕ್ಕೆ ಇಡೀ ಮನೆ ಖಾಲಿ ಮಾಡಬೇಕಾಯಿತು.

ಸಂಜೆಮಲ್ಲಿಗೆ
ಬಾಗಿಲು ಇಲ್ಲದಿದ್ದರೂ ತಾನಾಗೇ ಎದ್ದು ಹೋಗಬಹುದಿತ್ತಲ್ವಾ? ಎಲ್ಲ ತಪ್ಪನ್ನೂ ಒಪ್ಪಂದದ ತಲೆಗೆ ಕಟ್ಟಬೇಡಿ. ಹಟವೂ ಒಂದು ಕಾರಣ.

ತುಂಗಾತೀರ
ಹಟ ಮಾಡುವವರು ಎಲ್ಲ ಕಾಲದಲ್ಲೂ ಇರುತ್ತಾರೆ ಅಕ್ಕಾ. ಅದಕ್ಕೇ ಬಾಗಿಲು ಬೇಕು ಅಂದದ್ದು.

ಕೆಎಎಸ್_ಕನಸು
ಸರಿ, ಬಿದ್ದ ಮೇಲೆ ಏನಾಯಿತು? ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ ಕಮಿಷನ್ ಇಲ್ಲದೆ ನಡೆಯಿತಾ?

ಬ್ರಸೆಲ್ಸ್_ಚಳಿ
ಇಲ್ಲ ತಮ್ಮಾ, ರಾಜೀನಾಮೆ ಕೊಟ್ಟವರೇ ಹಂಗಾಮಿಯಾಗಿ ಕೂತಿದ್ದರು! ಮರೀನ್ ಹಂಗಾಮಿ ಅಧ್ಯಕ್ಷ. ಮಾರ್ಚ್ 24ರಂದು ಬರ್ಲಿನ್ ಸಭೆಯಲ್ಲಿ ಪ್ರೋದಿ ಹೆಸರು ತೀರ್ಮಾನ ಆಯಿತು. ಅದೇ ದಿನ ಕೊಸೊವೊ ವಿಷಯಕ್ಕೆ ನೇಟೋ ಬಾಂಬ್ ದಾಳಿ ಶುರು. ಯುರೋಪಿನ ಮನೆ ಬಾಗಿಲಲ್ಲಿ ಯುದ್ಧ, ಬ್ರಸೆಲ್ಸ್‌ನಲ್ಲಿ ಹಂಗಾಮಿ ಆಡಳಿತ. ಪ್ರೋದಿ ತಂಡ ಅಧಿಕಾರ ವಹಿಸಿಕೊಂಡಿದ್ದು ಸೆಪ್ಟೆಂಬರ್‌ನಲ್ಲಿ.

ಸಾಂಟೇರ್ ಜೂನ್ ಚುನಾವಣೆಯಲ್ಲಿ ಗೆದ್ದು, ತನ್ನನ್ನು ಬೀಳಿಸಲು ಹೊರಟಿದ್ದ ಸಂಸತ್ತಿಗೇ ಸದಸ್ಯರಾಗಿ ಹೋದರು. ಕಿನ್ನಕ್, ಮೊಂಟಿ, ಫಿಶ್ಲರ್, ಫಿನ್ಲೆಂಡಿನ ಲೀಕನೆನ್ ನಾಲ್ವರು ಪ್ರೋದಿ ತಂಡಕ್ಕೂ ಬಂದರು. ಆಡಳಿತ ಸುಧಾರಣೆಯ ಹೊಣೆ ಕಿನ್ನಕ್‌ಗೆ ಕೊಟ್ಟರು. ವಂಚನೆ ತಡೆಯಲು ಓಲಾಫ್ ಅನ್ನುವ ಹೊಸ ಕಚೇರಿ 1999ರಲ್ಲೇ ಶುರುವಾಯಿತು. ಇನ್ನು ಮಾರ್ಟಿನ್ ಬಾಂಗೆಮನ್, ಟೆಲಿಕಾಂ ನೋಡಿಕೊಳ್ಳುತ್ತಿದ್ದ ಜರ್ಮನ್ನರು, ಸ್ಪೇನಿನ ಟೆಲಿಫೋನಿಕಾ ಕಂಪನಿಗೆ ಹೊರಟು ಮತ್ತೊಂದು ರಂಪ.

ಲೆಕ್ಕದ_ಮೇಷ್ಟ್ರು
ಕ್ರೆಸೋನ್ ಅವರ ವಿರುದ್ಧ ಬೆಲ್ಜಿಯಂನಲ್ಲಿ ನಡೆದ ಕ್ರಿಮಿನಲ್ ಕೇಸ್ 2004ರಲ್ಲಿ ಬಿದ್ದುಹೋಯಿತು. ಒಕ್ಕೂಟದ ನ್ಯಾಯಾಲಯ 2006ರ ಜುಲೈನಲ್ಲಿ ಅವರು ಕರ್ತವ್ಯ ಮೀರಿದ್ದು ನಿಜ ಅಂತ ತೀರ್ಪು ಕೊಟ್ಟಿತು. ಆದರೆ ಪಿಂಚಣಿಗೆ ಕತ್ತರಿ ಹಾಕಲಿಲ್ಲ. ತಪ್ಪು ಅಂತ ಹೇಳಿದ್ದೇ ಸಾಕಷ್ಟು ಶಿಕ್ಷೆ ಅಂತ.

ಹುಬ್ಬಳ್ಳಿ_ಮಿರ್ಚಿ
ಏಳು ವರ್ಷ ಆದ ಮೇಲೆ, "ನೀವು ಮಾಡಿದ್ದು ತಪ್ಪು, ಪಿಂಚಣಿ ತಗೊಳ್ಳಿ". ಇದು ಮಾತ್ರ ನಮ್ಮೂರಿನ ಹಾಗೇ ಇದೆ ನೋಡಿ.

ಕಾನೂನುಕಟ್ಟೆ
ಬಾಗಿಲು ಆಮೇಲೆ ಇಟ್ಟರು. ನೀಸ್ ಒಪ್ಪಂದ 2003ರಲ್ಲಿ ಜಾರಿಗೆ ಬಂದಾಗ, ಉಳಿದ ಕಮಿಷನರ್‌ಗಳ ಒಪ್ಪಿಗೆ ಪಡೆದು ಅಧ್ಯಕ್ಷರು ಒಬ್ಬರ ರಾಜೀನಾಮೆ ಕೇಳಬಹುದು ಅಂತಾಯಿತು. 2009ರ ಡಿಸೆಂಬರ್‌ನಿಂದ ಲಿಸ್ಬನ್ ಒಪ್ಪಂದ, ಈಗ ಅಧ್ಯಕ್ಷರೊಬ್ಬರೇ ಕೇಳಿದರೆ ಸಾಕು. 2012ರಲ್ಲಿ ಮಾಲ್ಟಾದ ಜಾನ್ ಡಾಲಿ ಹೋದರು, 2020ರಲ್ಲಿ ಕೋವಿಡ್ ಕಾಲದ ಗಾಲ್ಫ್ ಕೂಟದ ಊಟಕ್ಕೆ ಹೋಗಿ ಸಿಕ್ಕಿಬಿದ್ದ ಐರ್ಲೆಂಡಿನ ಫಿಲ್ ಹೋಗನ್ ಹೋದರು. ಕಮಿಷನ್ ಎರಡೂ ಸಲ ಅಲುಗಾಡಲಿಲ್ಲ.

ಇಡೀ ಕಮಿಷನ್ ಮೇಲಿನ ಅವಿಶ್ವಾಸದ ಅಸ್ತ್ರ ಈಗಲೂ ಇದೆ. 2025ರ ಜುಲೈನಲ್ಲಿ ಉರ್ಸುಲಾ ಫಾನ್ ಡೆರ್ ಲಾಯನ್ ಮೇಲೆ ತಂದರು, ಪರ 175, ವಿರುದ್ಧ 360. ಇದುವರೆಗೆ ಒಂದು ಕಮಿಷನ್ ಕೂಡ ಆ ಮತದಿಂದ ಬಿದ್ದಿಲ್ಲ. ಸಾಂಟೇರ್‌ದೂ ಸೇರಿ.

ಕೆಎಎಸ್_ಕನಸು
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನೋಟ್ಸ್ ಹೀಗೆ ಬರೆದುಕೊಂಡೆ, ಒಮ್ಮೆ ನೋಡಿ: "ಸದಸ್ಯರು 20, ದೇಶ 15. ಅಧ್ಯಕ್ಷರಿಗೆ ಒಬ್ಬರನ್ನು ತೆಗೆಯುವ ಅಧಿಕಾರ ಇಲ್ಲ. 1998 ಡಿಸೆಂಬರ್ ಲೆಕ್ಕ ತಿರಸ್ಕಾರ, 1999 ಜನವರಿ ಅವಿಶ್ವಾಸಕ್ಕೆ ಸೋಲು, ಮಾರ್ಚ್ 15 ತಜ್ಞರ ವರದಿ, ಅದೇ ರಾತ್ರಿ ಸಂಸತ್ತಿನಿಂದ ಕಮಿಷನ್ ವಜಾ."

ಕಾನೂನುಕಟ್ಟೆ
ಅಯ್ಯೋ ದೇವರೇ. ಕೊನೆಯ ಪದ ಅಳಿಸಿ.

ಕೆಎಎಸ್_ಕನಸು
ಅಳಿಸಿದೆ ಸರ್ 🙏

ಮಂಡ್ಯದ_ಗೌಡ್ರು
ಆ 24 ಪುಟದಲ್ಲಿ ಏನು ಬರೆದಿದ್ದರು ಅಂತ ಯಾರಿಗಾದರೂ ಗೊತ್ತಾ? ನನಗೆ ನಿದ್ದೆ ಬರುತ್ತಿಲ್ಲ.